ಒಳಮಡಿಕೆಯಲ್ಲಿದ್ದ ತೂತು

ಈ ಕತೆ ಯಾರಿಗೂ ಹೇಳಬೇಡ ಅಂತ ನಮ್ಮ ಸೋದರತ್ತೆ ನನ್ನ ಹತ್ರ ಮಾತು ತಗೊಂಡಿದ್ರು. ನಮ್ಮ ಬೀದೀಲಿ ಇದನ್ನ ಯಾರಿಗೆ ಹೇಳಿದ್ರೂ ಅವರು ತಮ್ಮನ್ನೇ ಅಂದಿದ್ದು ಅಂತ ಮುಖ ಊದಿಸ್ಕೋತಾರಂತೆ. ಆದ್ರೆ ನೀವೆಲ್ಲ ಚಿಕ್ಕವರು, ಇನ್ನೂ ಯಾರ ಮನೆ ಏಣೀನೂ ಎರವಲು ತಂದಿಲ್ಲ. ಅದಕ್ಕೆ ನಿಮಗೆ ಹೇಳ್ತೀನಿ. ನಾನು ಕತೆ ಓದಿದ್ದು ಬೇಕಾದಷ್ಟು, ಹೇಳ್ತಿರೋದು ಇದೇ ಮೊದಲು. ನಡುವೆ ತಡವರಿಸಿದ್ರೆ ನನಗೆ ನಗಬೇಡಿ, ಡೊಂಕಣ್ಣನಿಗೆ ನಗಿ.

ಒಂದು ಕುರುಚಲು ಕಾಡು ಇತ್ತು. ಅಲ್ಲಿ ಮರಗಳಿಗಿಂತ ಬಂಡೆಗಳೇ ಜಾಸ್ತಿ. ಯಾರೋ ಒಂದರ ಮೇಲೊಂದು ಪೇರಿಸಿಟ್ಟು, ಇಳಿಸೋದು ಮರೆತು ಹೋದ ಹಾಗೆ ನಿಂತಿದ್ವು. ಆ ಬಂಡೆಗಳ ನಡುವೆ ಡೊಂಕಣ್ಣ ಅನ್ನೋ ಕತ್ತೆಕಿರುಬ ವಾಸ ಮಾಡ್ತಿದ್ದ.

ಕತ್ತೆಕಿರುಬನ ಚಿತ್ರ ನೋಡಿದ್ದೀರಾ? ಮುಂಗಾಲು ಉದ್ದ, ಹಿಂಗಾಲು ಗಿಡ್ಡ, ಬೆನ್ನು ಜಾರುಬಂಡೆ ಥರ ಹಿಂದಕ್ಕೆ ಇಳಿದಿರುತ್ತೆ. ಅಂಥ ಕಾಲಿಟ್ಕೊಂಡು ಜಿಂಕೆ ಹಿಂದೆ ಓಡೋಕಾಗಲ್ಲ. ಚಿರತೆ ತಿಂದು ಬಿಟ್ಟ ಮೂಳೆ ಕಡಿದೇ ಡೊಂಕಣ್ಣನ ಸಂಸಾರ ನಡೀತಿತ್ತು. ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಆದ್ರೆ ಮದುವೆಗೆ ಮುಂಚೆ ಅವನು ಮಾವನ ಮುಂದೆ, ವಾರಕ್ಕೊಂದು ಜಿಂಕೆ ಹಿಡೀತೀನಿ ಅಂತ ಹೇಳ್ಕೊಂಡಿದ್ದ. ಎರಡು ವರ್ಷ ಮೂಳೆ ತಿಂದ ಹೆಂಡತಿ ಒಂದು ದಿನ ಜಗಳ ಕೂಡ ಆಡದೆ ಎದ್ದು ತವರಿಗೆ ಹೋಗಿಬಿಟ್ಟಳು.

ಆಮೇಲೆ ಮಾವನಿಂದ ಸುದ್ದಿ ಬಂತು. ಬರೋ ಸೋಮವಾರ ತಾನೇ ಬರ್ತೀನಿ, ಅಳಿಯ ಜಿಂಕೆ ಹಿಡಿಯೋದನ್ನ ಕಣ್ಣಾರೆ ನೋಡ್ತೀನಿ, ಹಿಡಿದ್ರೆ ಮಾರನೇ ದಿನವೇ ಮಗಳನ್ನ ಕಳಿಸ್ತೀನಿ, ಇಲ್ಲದಿದ್ರೆ ಅವಳು ತವರಲ್ಲೇ ಇರ್ತಾಳೆ ಅಂತ.

ಡೊಂಕಣ್ಣನಿಗೆ ಹೆಂಡತಿ ಅಂದ್ರೆ ಪ್ರಾಣ. ಅವಳು ಹೋದ ಮೇಲೆ ಗವಿ ಗುಡಿಸಿರಲಿಲ್ಲ, ಸರಿಯಾಗಿ ಊಟ ಮಾಡಿರಲಿಲ್ಲ. ಹೇಗಾದ್ರೂ ಮಾಡಿ ಒಂದು ಜಿಂಕೆ ಹಿಡಿಯಲೇಬೇಕು ಅಂತ ಕೂತ್ಕೊಂಡು ಯೋಚನೆ ಮಾಡಿದ.

ಓಡೋಕಾಗದವನಿಗೆ ಸಾಮಾನು ಬೇಕು. ಎರಡು ಬಂಡೆಗಳ ಸಂದಿಗೆ ಅಡ್ಡ ಕಟ್ಟೋಕೆ ಬಲೆ ಬೇಕು. ಬಲೆಯನ್ನ ಬಿಗಿಯೋಕೆ ಹಗ್ಗ ಬೇಕು. ಜಿಂಕೆಯನ್ನ ಹೆದರಿಸಿ ಸಂದಿ ಕಡೆಗೆ ಓಡಿಸೋಕೆ, ಕಲ್ಲು ತುಂಬಿಸಿದ ತಗಡಿನ ಡಬ್ಬ ಬೇಕು. ಮೂರೂ ಆ ಕಾಡಲ್ಲಿದ್ವು. ಆದ್ರೆ ಬೇರೆಯವರ ಮನೇಲಿದ್ವು. ಬಲೆ ಮುಳ್ಳುಹಂದಿ ಸೂಜಕ್ಕನದು, ಗೆಡ್ಡೆ ಅಗೆಯೋ ಕಾಲಕ್ಕೆ ಅದರಲ್ಲಿ ಗೆಡ್ಡೆ ಕಟ್ಟಿ ಎಳ್ಕೊಂಡು ಬರ್ತಿದ್ದಳು. ಹಗ್ಗ ಕರಿಮುಖದ ಕೋತಿ, ಮುಸಿಯ ಕೊಂಬೆರಾಯನದು. ಡಬ್ಬ ಕರಡಿ ಕಂಬಳಿಯಪ್ಪನದು, ಬಾರೆಹಣ್ಣಿನ ಕಾಲಕ್ಕೆ ಹಕ್ಕಿ ಓಡಿಸೋಕೆ ಇಟ್ಕೊಂಡಿದ್ದ.

ಈ ಮೂರನ್ನೂ ಡೊಂಕಣ್ಣ ಮೂರು ತಿಂಗಳ ಹಿಂದೆಯೂ ಒಂದ್ಸಲ ತಂದಿದ್ದ. ಅದನ್ನ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಕತೆಯೆಲ್ಲ ಅಲ್ಲೇ ಇರೋದು.

ಆವತ್ತು ಚಂಗಿ ಅನ್ನೋ ಜಿಂಕೆ ಬಲೆಗೆ ಬಿದ್ದಿತ್ತು. ಬಿದ್ದಿದ್ದೇ ಕೊಂಬಿಲ್ಲದ ತಲೆಯಲ್ಲಿ ಗುದ್ದಿ, ಕಾಲಲ್ಲಿ ಒದ್ದು, ಬಲೆ ಹರ್ಕೊಂಡು ಹೋಯ್ತು. ಸಿಟ್ಟಿಗೆ ಡೊಂಕಣ್ಣ ಹಗ್ಗವನ್ನ ಕಡಿದು ಎರಡು ತುಂಡು ಮಾಡಿದ. ಡಬ್ಬ ಎತ್ತಿ ಬಂಡೆ ಮೇಲಿಂದ ಎಸೆದ. ಮುಚ್ಚಳ ಹಾರಿ ಒಳಗಿದ್ದ ಕಲ್ಲೆಲ್ಲ ಚೆಲ್ಲಾಪಿಲ್ಲಿ ಆಯ್ತು.

ಸಿಟ್ಟು ಇಳಿದ ಮೇಲೆ ಹೆದರಿಕೆ ಆಯ್ತು. ವಾಪಸ್ ಕೊಡಬೇಕಲ್ಲ. ಬಲೆಯನ್ನ ನಾಲ್ಕು ಮಡಿಕೆ ಮಡಿಚಿ, ತೂತು ಒಳಮಡಿಕೆಗೆ ಬರೋ ಹಾಗೆ ಮಾಡಿ ಗಂಟು ಹಾಕಿದ. ಹಗ್ಗದ ಎರಡು ತುಂಡು ಸೇರಿಸಿ ಸುತ್ತಿ, ಸೇರಿಸಿದ ಗಂಟನ್ನ ಸುರುಳಿ ಮಧ್ಯ ಅಡಗಿಸಿದ. ಡಬ್ಬದೊಳಗೆ ಒಣ ಎಲೆ ತುರುಕಿ ಮುಚ್ಚಳವನ್ನ ಜಾಲಿ ಅಂಟು ಹಾಕಿ ಕೂರಿಸಿದ. ನೋಡೋಕೆ ಎಲ್ಲ ಮೊದಲಿಗಿಂತ ಚೆನ್ನಾಗೇ ಕಾಣ್ತಿತ್ತು.

ಕೊಡೋವಾಗ ಹೇಳಬೇಕು ಅಂದ್ಕೊಂಡೇ ಹೋಗಿದ್ದ, ಪಾಪ. ಆದ್ರೆ ಸೂಜಕ್ಕ ಬಾಗಿಲಲ್ಲೇ ನಿಂತು, ಎಷ್ಟು ನೀಟಾಗಿ ಮಡಿಚಿ ತಂದಿದ್ದೀಯಲ್ಲ ಅಂತ ಹೊಗಳಿಬಿಟ್ಟಳು. ಅವನ ಬಾಯಿ ಅಲ್ಲೇ ಮುಚ್ಚಿಹೋಯ್ತು.

ಆ ಕಾಡಲ್ಲಿ ಒಂದು ಪದ್ಧತಿ ಇತ್ತು. ವಾಪಸ್ ಬಂದ ಸಾಮಾನನ್ನ ತಂದವರ ಎದುರಿಗೆ ಬಿಚ್ಚಿ ನೋಡಬಾರದು. ನೋಡಿದ್ರೆ ನಿನ್ನ ಮೇಲೆ ನಂಬಿಕೆ ಇಲ್ಲ ಅಂದ ಹಾಗೆ. ಹಾಗಾಗಿ ಮೂವರೂ ಇಸ್ಕೊಂಡು ಮೂಲೆಗಿಟ್ರು. ಡೊಂಕಣ್ಣ, ಕೆಲಸಕ್ಕೆ ತೆಗೆದಾಗ ಅವರೇ ನೋಡಿ ಸರಿ ಮಾಡ್ಕೋತಾರೆ ಬಿಡು ಅಂತ ಸಮಾಧಾನ ಮಾಡ್ಕೊಂಡ.

ಈಗ ಭಾನುವಾರ ಮತ್ತೆ ಹೊರಟ. ಕೊಂಬೆರಾಯ ಮರದ ಮೇಲಿಂದಲೇ ಹಗ್ಗ ಎಸೆದ. ಕಂಬಳಿಯಪ್ಪ ಅರ್ಧ ನಿದ್ದೇಲೇ ಡಬ್ಬ ಉರುಳಿಸಿದ. ಸೂಜಕ್ಕನ ಮನೆ ಒಂದು ಹುತ್ತದ ಕೆಳಗೆ ಇತ್ತು. ಬಾಗಿಲಿಗೆ ಒಂದು ಚಪ್ಪಡಿ ಕಲ್ಲು. ಅವಳು ಅದನ್ನ ಯಾವತ್ತೂ ಮುಚ್ಚಿದ್ದೇ ಇಲ್ಲ, ಬಿಸಿಲು ಕಾಲದಲ್ಲಿ ಅದರ ಮೇಲೆ ಕೂತ್ಕೊಂಡು ಬೆನ್ನು ಬಾಚ್ಕೋತಿದ್ದಳು.

"ತಗೊಂಡು ಹೋಗಪ್ಪ," ಅಂದಳು ಸೂಜಕ್ಕ. "ನೀನು ತಂದುಕೊಟ್ಟ ಹಾಗೇ ಇಟ್ಟಿದ್ದೀನಿ. ಗಂಟೂ ಬಿಚ್ಚಿಲ್ಲ."

ಅಂದ್ರೆ ತೂತು ಇನ್ನೂ ಹಾಗೇ ಇದೆ ಅಂತ ಡೊಂಕಣ್ಣನಿಗೆ ಗೊತ್ತಾಯ್ತು.

"ಸೂಜಕ್ಕ, ಆ ಬಲೇಲಿ..."

"ಏನು?"

"ಏನಿಲ್ಲ. ಒಳ್ಳೇ ಬಲೆ ಅಂತ ಹೇಳೋಕೆ ಬಂದೆ."

ದಾರಿಯುದ್ದಕ್ಕೂ ಲೆಕ್ಕ ಹಾಕ್ಕೊಂಡು ಬಂದ. ಬಲೆ ಹತ್ತು ಮಾರು ಉದ್ದ. ತೂತು ಇರೋದು ಒಂದೇ ಒಂದು ಕಡೆ. ಅಷ್ಟೂ ಜಾಗ ಬಿಟ್ಟು ಜಿಂಕೆ ಸರಿಯಾಗಿ ಅಲ್ಲಿಗೇ ಯಾಕೆ ಬರುತ್ತೆ? ಹಗ್ಗ, ಡಬ್ಬ ಅವರವರೇ ಸರಿ ಮಾಡ್ಕೊಂಡಿರ್ತಾರೆ. ಹಾಗಂದ್ಕೊಂಡಾಗ ಅವನಿಗೆ ಎಷ್ಟು ಹಗುರ ಆಯ್ತು ಅಂದ್ರೆ, ಸಿಳ್ಳೆ ಹೊಡೀತಾ ಮನೆಗೆ ಹೋದ.

ಸೋಮವಾರ ಬೆಳಿಗ್ಗೆ ಮಾವ ಬಂದ. ದಪ್ಪ ಮೀಸೆ, ನಿಧಾನದ ಮಾತು. ದಾರಿಗಿರಲಿ ಅಂತ ಬಾಯಲ್ಲಿ ಒಂದು ಮೂಳೆ ಕಚ್ಕೊಂಡೇ ಬಂದಿದ್ದ. ನೆರಳಿರೋ ಬಂಡೆ ನೋಡಿ ಕೂತ. ತಮ್ಮ ಸಾಮಾನು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಕೆ ಸೂಜಕ್ಕ, ಕೊಂಬೆರಾಯ, ಕಂಬಳಿಯಪ್ಪ ಮೂವರೂ ಬಂದು ಪಕ್ಕದಲ್ಲಿ ಕೂತ್ರು. ದೂರದಲ್ಲಿ ಚಂಗಿ ತನ್ನಷ್ಟಕ್ಕೆ ಹುಲ್ಲು ಮೇಯ್ತಿತ್ತು.

ಡೊಂಕಣ್ಣ ಗಾಳಿ ಎತ್ತ ಕಡೆಯಿಂದ ಬೀಸುತ್ತೆ ಅಂತ ಮೂಗು ಎತ್ತಿ ನೋಡಿದ. ದೊಡ್ಡ ಬೇಟೆಗಾರನ ಥರ ಗಂಭೀರವಾಗಿ ಹೋಗಿ ಬಲೆ ಬಿಚ್ಚಿದ. ತೂತು ಯಾರಿಗೂ ಕಾಣಬಾರದು ಅಂತ ಆ ಭಾಗವನ್ನ ಒಂದು ಪೊದೆ ಮರೆಗೆ ಬರೋ ಹಾಗೆ ಕಟ್ಟಿದ. ಆಮೇಲೆ ಹಗ್ಗ ಹಿಡಿದು ಜೋರಾಗಿ ಬಿಗಿದ.

ಗಂಟು ಬಿಚ್ಕೊಂತು. ಡೊಂಕಣ್ಣ ಹಿಂದಕ್ಕೆ ಎರಡು ಲಾಗ ಹಾಕಿ ಕಳ್ಳಿಗಿಡದ ಮೇಲೆ ಕೂತ.

"ಇದೂ ಬೇಟೆಯಲ್ಲಿ ಬರುತ್ತಾ?" ಅಂತ ಮಾವ ವಿಚಾರಿಸಿದ.

ಬರುತ್ತೆ ಮಾವ, ಹೊಸ ಪದ್ಧತಿ ಅಂತ ಹೇಳಿ ಡೊಂಕಣ್ಣ ಮುಳ್ಳು ಕೀಳ್ತಾ ಎದ್ದ. ಉಳಿದ ಅರ್ಧ ಹಗ್ಗದಲ್ಲೇ ಕಟ್ಟಿದ. ಬಲೆ ಒಂದು ಕಡೆ ಎತ್ತರಕ್ಕೆ, ಇನ್ನೊಂದು ಕಡೆ ಮೊಣಕಾಲಿಗೆ ಬಂತು. ಅದಕ್ಕೊಂದು ಕೋಲು ಊರಿದ. ಕೋಲು ಬಿತ್ತು. ಮತ್ತೆ ಊರಿದ. ಮತ್ತೆ ಬಿತ್ತು. ಮೂರನೇ ಸಲ ಊರಿ, ಕೋಲು ಬೀಳೋಕೆ ಮುಂಚೆ ಡಬ್ಬ ಎತ್ಕೊಂಡು ಚಂಗಿ ಹಿಂದುಗಡೆಗೆ ಓಡಿದ.

ಡಬ್ಬ ಎತ್ತಿ ಬಲವಾಗಿ ಅಲ್ಲಾಡಿಸಿದ. ಡಬ್ಬ ಸರಪರ ಅಂತು, ಅಷ್ಟೇ. ಚಂಗಿ ಒಂದು ಕಿವಿ ತಿರುಗಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕ್ತು.

ಕಂಬಳಿಯಪ್ಪನ ನಿದ್ದೆ ಹಾರಿಹೋಯ್ತು. ನನ್ನ ಡಬ್ಬ ಆ ಥರ ಕೆಮ್ಮಲ್ಲವಲ್ಲ, ಕೂಗುತ್ತಲ್ಲ ಅಂತ ಪಕ್ಕದಲ್ಲಿದ್ದ ಸೂಜಕ್ಕನ ಹತ್ರ ಅಂದ. ಡೊಂಕಣ್ಣ ಮುಚ್ಚಳ ಎಳೆದ. ಜಾಲಿ ಅಂಟು ಎಷ್ಟು ಗಟ್ಟಿಯಾಗಿ ಕೂತಿತ್ತು ಅಂದ್ರೆ ಹಲ್ಲು ನೋವು ಬಂತೇ ಹೊರತು ಮುಚ್ಚಳ ಬರಲಿಲ್ಲ. ಕೊನೆಗೆ ಡಬ್ಬವನ್ನ ಬಂಡೆಗೆ ಬಡಿದ. ಮುಚ್ಚಳ ಹಾರಿ, ಒಣ ಎಲೆ ಗಾಳಿಗೆ ಎದ್ದು ಅವನ ಮುಖಕ್ಕೇ ಬಂತು. ಎಲೆ ಉಗುಳ್ತಾ ಉಗುಳ್ತಾ, ಬೇರೆ ದಾರಿ ಕಾಣದೆ ತಾನೇ ಡಬ್ಬದ ಥರ ಕೂಗೋಕೆ ಶುರು ಮಾಡಿದ. "ಢಣ್ ಢಣ್ ಢಣ್" ಅಂತ ಕೂಗ್ತಾ, ಗಿಡ್ಡಗಾಲಲ್ಲಿ ಕುಪ್ಪಳಿಸ್ತಾ ಬಂದ. ಕೊಂಬೆರಾಯ ನಗು ತಡ್ಕೊಳೋಕಾಗದೆ ಬಾಲ ಕಚ್ಕೊಂಡ.

ಚಂಗಿ ತಲೆ ಎತ್ತಿ ನೋಡ್ತು. ಆಮೇಲೆ ಓಡ್ತು. ಸೀದಾ ಬಲೆ ಕಡೆಗೇ ಓಡ್ತು.

ಡೊಂಕಣ್ಣನಿಗೆ ನಂಬೋಕೇ ಆಗಲಿಲ್ಲ. ಮನಸ್ಸಲ್ಲಿ ಆಗಲೇ ಹೆಂಡತಿ ಬಂದು ಗವಿ ಗುಡಿಸ್ತಿದ್ದಳು.

ಚಂಗಿ ಬಲೆ ಹತ್ರ ಬಂತು. ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ಪೊದೆ ಹಿಂದೆ ನುಗ್ಗಿ, ತಲೆ ತಗ್ಗಿಸಿ, ತನ್ನ ಮನೆ ಬಾಗಿಲು ದಾಟೋ ಹಾಗೆ ತೂತಿನಿಂದ ಆಚೆ ಹೋಯ್ತು. ಹಿಂದೆಯೇ ಓಡಿ ಬಂದ ಡೊಂಕಣ್ಣನಿಗೆ ನಿಲ್ಲೋಕಾಗಲಿಲ್ಲ. ಅವನ ತಲೆ ತೂತಿನಲ್ಲಿ ಹೋಯ್ತು, ಮುಂಗಾಲು ಹೋಯ್ತು, ಅಷ್ಟರಲ್ಲಿ ಕೋಲು ಬಿದ್ದು ಮಿಕ್ಕ ಬಲೆಯೆಲ್ಲ ಮೈಮೇಲೆ ಬಂತು. ಉಂಡೆಯಾಗಿ ಸುತ್ಕೊಂಡು ಬಿದ್ದ.

ಮಾವ ಮೂಳೆ ಕೆಳಗಿಟ್ಟು ಎದ್ದು ಬಂದ. ಅವನ ಮುಖ ನೋಡಿದ್ದೇ ಡೊಂಕಣ್ಣನ ಬಾಯಿಗೆ ಬಂದಿದ್ದು ನಿಜ ಅಲ್ಲ.

"ನನ್ನ ತಪ್ಪೇನಿಲ್ಲ ಮಾವ. ಈ ಜನ ಎಂಥವರು ನೋಡಿ. ಹರಕು ಬಲೆ, ತುಂಡು ಹಗ್ಗ, ಎಲೆ ತುಂಬಿದ ಡಬ್ಬ. ಬೇಕು ಅಂತಲೇ ಕೆಟ್ಟ ಸಾಮಾನು ಕೊಟ್ಟು ನನ್ನ ಮರ್ಯಾದೆ ಕಳೆದ್ರು."

ಸೂಜಕ್ಕನ ಬೆನ್ನ ಮೇಲಿನ ಮುಳ್ಳೆಲ್ಲ ನಿಧಾನಕ್ಕೆ ಎದ್ದು ನಿಂತ್ವು. ಆದ್ರೆ ಮಾತಾಡಿದ್ದು ಅವಳಲ್ಲ. ಯಾರ ಕೈಗೂ ಸಿಗದ ಎತ್ತರದ ಬಂಡೆ ಮೇಲೆ ನಿಂತಿದ್ದ ಚಂಗಿ.

"ಆ ತೂತು ನಾನು ಮಾಡಿದ್ದು, ಮೂರು ತಿಂಗಳ ಹಿಂದೆ," ಅಂತು ಚಂಗಿ. "ಆವತ್ತು ಪೊದೆ ಹಿಂದೆ ನಿಂತು ನೋಡ್ತಿದ್ದೆ. ಡೊಂಕಣ್ಣ ಅದನ್ನ ಒಳಮಡಿಕೆಗೆ ಹಾಕಿ ಮಡಿಚ್ತಿದ್ದ. ಹೇಳದೇ ಇದ್ದ ಮೇಲೆ ಹೊಲಿಯೋರು ಯಾರು? ತೂತು ಹಾಗೇ ಇರುತ್ತೆ ಅಂತ ಗೊತ್ತಿತ್ತು, ಇವತ್ತು ಅದನ್ನ ಪೊದೆ ಮರೆಗೆ ಕಟ್ಟಿದ್ದನ್ನೂ ನೋಡಿದೆ. ಅದಕ್ಕೆ ಸೀದಾ ಅಲ್ಲಿಗೇ ಬಂದೆ."

ಹಗ್ಗ ಮತ್ತೆ ಡಬ್ಬದ ಕತೇನೂ ಹೇಳಿ, ಚಂಗಿ ಒಂದೇ ನೆಗೆತಕ್ಕೆ ಬಂಡೆ ಆಚೆ ಮಾಯವಾಯ್ತು.

ಕಂಬಳಿಯಪ್ಪ ಖಾಲಿ ಡಬ್ಬ ಎತ್ಕೊಂಡು, ಅದರೊಳಗೊಂದ್ಸಲ ಇಣುಕಿ ನೋಡಿ ಹೊರಟ. ಕೊಂಬೆರಾಯ ಎರಡು ತುಂಡು ಹಗ್ಗ ಹೆಗಲಿಗೆ ಹಾಕ್ಕೊಂಡು ಮರ ಹತ್ತಿದ. ಸೂಜಕ್ಕ ಮಾತ್ರ ಹತ್ರ ಬಂದಳು. ಉಸಿರು ಕಟ್ತಿದ್ದ ಡೊಂಕಣ್ಣನನ್ನ ಬಿಡಿಸೋಕೆ ತನ್ನ ಬಲೆಯನ್ನ ತಾನೇ ಹಲ್ಲಲ್ಲಿ ಕಡಿದಳು. ಒಂದೊಂದೇ ಎಳೆ ಕಡೀತಾ, ಅವನ ಮುಖ ನೋಡದೆ ಹೇಳಿದಳು:

"ಆವತ್ತೇ ಒಂದು ಮಾತು ಹೇಳಿದ್ದಿದ್ರೆ, ಸಂಜೆಯೊಳಗೆ ಹೆಣೆದಿಡ್ತಿದ್ದೆ ಕಣಪ್ಪ."

ಬಿಡಿಸಿ ಆದ ಮೇಲೆ ಹರಿದ ಬಲೆ ಅಲ್ಲೇ ಬಿಟ್ಟು ಮನೆಗೆ ಹೋದಳು.

ಮಾವ ಹೊರಡೋ ಮುಂಚೆ ಅಳಿಯನ ಪಕ್ಕ ಕೂತ. ಬೈಯಲಿಲ್ಲ.

"ಜಿಂಕೆ ತಪ್ಪಿಸ್ಕೊಂಡಿದ್ದಕ್ಕೆ ನನಗೆ ಬೇಜಾರಿಲ್ಲ ಅಳಿಯಂದ್ರೇ. ನನ್ನ ಕೈಲೂ ಎಷ್ಟೋ ತಪ್ಪಿಸ್ಕೊಂಡಿವೆ. ಆದ್ರೆ ನಾಳೆ ನನ್ನ ಮಗಳಿಗೆ ಏನಾದ್ರೂ ಆದ್ರೆ, ನೀವು ಬಂದು ನನಗೆ ಹೇಳ್ತೀರಾ? ಇಲ್ಲಾ ಮಡಿಚಿ ಒಳಗಿಡ್ತೀರಾ?"

ಮಾವ ಮೂಳೆ ಕಚ್ಕೊಂಡು ಬಂದ ದಾರೀಲೇ ವಾಪಸ್ ಹೋದ. ಮಾರನೇ ದಿನ ಹೆಂಡತಿ ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ.

ಆಮೇಲೆ ಡೊಂಕಣ್ಣ ಒಂದು ಕೆಲಸ ಮಾಡಿದ. ಕತ್ತಾಳೆ ನಾರು ತಂದು, ಸೂಜಕ್ಕ ಬಿಟ್ಟುಹೋದ ಬಲೆಯನ್ನ ಹೆಣೆಯೋಕೆ ಕೂತ. ಅವನ ಪಂಜಕ್ಕೆ ಆ ಕೆಲಸ ಬರಲ್ಲ. ಹೆಣೆದಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ. ಒಂದ್ಸಲ ತನ್ನ ಬಾಲವನ್ನೂ ಸೇರಿಸಿ ಹೆಣೆದುಬಿಟ್ಟಿದ್ದ. ಎಂಟು ದಿನಕ್ಕೆ ತೂತೇನೋ ಮುಚ್ಚಿತು, ಆದ್ರೆ ಆ ಜಾಗ ಕಾಗೆ ಗೂಡಿನ ಥರ ಉಬ್ಬಿತ್ತು. ಅದನ್ನ ಈ ಸಲ ಒಳಗೆ ಹಾಕಿ ಮಡಿಚಲಿಲ್ಲ. ಎಲ್ಲರಿಗೂ ಕಾಣೋ ಹಾಗೆ ಮೇಲ್ಗಡೆಗೇ ಬಿಟ್ಟು ಮಡಿಚಿದ.

ಬಲೆ ಹೆಗಲ ಮೇಲಿಟ್ಕೊಂಡು ಸೂಜಕ್ಕನ ಮನೆಗೆ ಹೋದ. ಯಾವತ್ತೂ ಮುಚ್ಚದ ಚಪ್ಪಡಿ ಕಲ್ಲು ಆವತ್ತು ಬಾಗಿಲಿಗೆ ಅಡ್ಡ ನಿಂತಿತ್ತು.

ತಟ್ಟಿದ. ಒಳಗೆ ಮುಳ್ಳು ಜಣಜಣ ಅಂದಿದ್ದು ಕೇಳಿಸ್ತು. ಆಮೇಲೆ ಅದೂ ನಿಂತುಹೋಯ್ತು.

"ಸೂಜಕ್ಕ," ಅಂದ. "ತೂತು ಇತ್ತು. ನನಗೆ ಗೊತ್ತಿತ್ತು. ಹೆಣೆದಿದ್ದೀನಿ, ಚೆನ್ನಾಗಿ ಬಂದಿಲ್ಲ. ಬಿಚ್ಚಿ ನೋಡು ಸೂಜಕ್ಕ, ನನ್ನ ಎದುರಿಗೇ ಬಿಚ್ಚಿ ನೋಡು."

ಮತ್ತೆ ತಟ್ಟಿದ. ಕಲ್ಲು ಸರಿಯಲಿಲ್ಲ.

ನೀತಿ: ಎರವಲು ತಂದಿದ್ದು ಕೈತಪ್ಪಿ ಕೆಟ್ಟರೆ ಸರಿ ಮಾಡಬಹುದು, ಕೆಟ್ಟಿದ್ದನ್ನ ಮುಚ್ಚಿಟ್ಟು ವಾಪಸ್ ಕೊಟ್ಟರೆ ಕೆಡೋದು ನಂಬಿಕೆ, ಅದನ್ನ ಸರಿ ಮಾಡೋದು ಬಲೆ ಹೆಣೆದಷ್ಟು ಸುಲಭ ಅಲ್ಲ.