ಜವಳಿ ಅಂಗಡಿಯ ಹೊಸ ದೀಪಗಳು

"ಬುದ್ಧೀ, ಹೊಸದಾಗಿ ಬಂದವರು ಒಬ್ಬರೂ ಬಾಳಿಕೆ ಬರುವುದಿಲ್ಲವಲ್ಲ. ಈಗಿನವರ ಕಸುವೇ ಇಷ್ಟೆಯೆ?"

ಗುರುಗಳನ್ನು ಹೀಗೆ ಕೇಳಿದವನು ರೇವಣಯ್ಯ. ಮಠದ ಶಾಲೆಯ ಉಸ್ತುವಾರಿ ಅವನದು. ಎರಡು ವರ್ಷದಲ್ಲಿ ಮೂವರು ಶಿಕ್ಷಕರು ಕೆಲಸ ಬಿಟ್ಟು ಹೋಗಿದ್ದರು. ನಾಲ್ಕನೆಯವಳು ಬಂದು ಐದು ತಿಂಗಳಾಗಿತ್ತು. ಬಂದಾಗ ಇದ್ದ ಲವಲವಿಕೆ ಈಗ ಅವಳಲ್ಲಿರಲಿಲ್ಲ. ಮೊನ್ನೆ ಪಾಠದ ನಡುವೆ ಗೋಡೆ ಹಿಡಿದು ಕುಸಿದು ಕೂತಿದ್ದಳು. ಅವಳನ್ನೂ ಕಳಿಸಿಬಿಡಲು ಅಪ್ಪಣೆ ಕೇಳಲು ರೇವಣಯ್ಯ ಬಂದಿದ್ದ. ಕೇಳುವಾಗ ಅವನಿಗೆ ಸಿಟ್ಟು ನೆತ್ತಿಗೇರಿತ್ತು.

ಗುರುಗಳು ಅಪ್ಪಣೆ ಕೊಡಲಿಲ್ಲ. ಕೂರುವಂತೆ ಕೈ ತೋರಿಸಿ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನಿಗಿದ್ದದ್ದು ಒಂದೇ ಚಿಂತೆ. ಸೀರೆಗೆಂದು ಬಂದ ಹೆಂಗಸರು ಹತ್ತು ಸೀರೆ ಬಿಡಿಸಿ ಹಾಕಿಸುತ್ತಿದ್ದರು, ಕೊನೆಗೆ ಒಂದನ್ನು ಹಿಡಿದು ಬಾಗಿಲಿಗೆ ನಡೆಯುತ್ತಿದ್ದರು. ಬಿಸಿಲಲ್ಲಿ ನೋಡದೆ ಬಣ್ಣವನ್ನು ನಂಬುವ ಹೆಂಗಸು ಆ ಪೇಟೆಯಲ್ಲಿರಲಿಲ್ಲ. ಬಾಗಿಲಿಗೆ ಹೋದವರ ಕಣ್ಣು ಎದುರಂಗಡಿಯ ಮೇಲೆ ಬೀಳುತ್ತಿತ್ತು. ಕಣ್ಣು ಹೋದ ಕಡೆಗೆ ಕಾಲೂ ಹೋಗುತ್ತಿತ್ತು. ಹೊಸ ಅಂಗಡಿ ಕಟ್ಟಿಸಿದಾಗ ವ್ಯಾಪಾರಿ ವೈರಿಂಗ್ ಕೆಲಸದವನೊಬ್ಬನನ್ನು ಕರೆದು, ಒಳಗೇ ಬಿಸಿಲು ಬಿದ್ದ ಹಾಗಿರಬೇಕು ಎಂದು ಹೇಳಿದ.

ವೈರಿಂಗ್ ಕೆಲಸದವನಿಗೆ ಮಾತು ಕಡಿಮೆ, ಕೈ ಅಚ್ಚುಕಟ್ಟು. ಅಂಗಡಿಯ ಮೇಲೆ ಹೊಡೆಸಿದ್ದ ಹಲಗೆಯ ಅಟ್ಟಕ್ಕೆ ತೂತು ಕೊರೆದು ಅರವತ್ತು ದೀಪ ಕೂರಿಸಿದ. ದೀಪದ ಮುಖ ಕೆಳಗೆ ಅಂಗಡಿಗೆ, ಬೆನ್ನು ಮೇಲೆ ಅಟ್ಟಕ್ಕೆ. ಒಂದೊಂದು ತಂತಿಯನ್ನೂ ಎರಡೆರಡು ಸಲ ಎಳೆದು ನೋಡಿದ. ದೀಪ ಹಚ್ಚಿದ ದಿನ ಹೆಂಗಸರು ಕೂತಲ್ಲೇ ಸೀರೆ ಆರಿಸಿದರು. ಯಾರೂ ಬಾಗಿಲಿಗೆ ಹೋಗಲಿಲ್ಲ. ಇಂಥ ಕೆಲಸಗಾರ ಈ ಊರಲ್ಲೇ ಇಲ್ಲ ಎಂದು ವ್ಯಾಪಾರಿ ಎದುರಾದವರಿಗೆಲ್ಲ ಹೇಳಿದ.

ತಿಂಗಳು ತುಂಬುವ ಮೊದಲೇ ಒಂದು ದೀಪ ಹೋಯಿತು. ಅದೇ ವಾರ ಇನ್ನೆರಡು ಹೋದವು. ಐದು ವರ್ಷ ಉರಿಯಬೇಕಾದ ದೀಪಗಳು. ಎರಡು ತಿಂಗಳಿಗೆ ಹತ್ತೊಂಬತ್ತು ಕಣ್ಣು ಮುಚ್ಚಿದ್ದವು. ಹೆಂಗಸರು ಮತ್ತೆ ಸೀರೆ ಹಿಡಿದು ಬಾಗಿಲಿಗೆ ನಡೆದರು.

ವ್ಯಾಪಾರಿ ವೈರಿಂಗ್ ಕೆಲಸದವನನ್ನು ಕರೆಸಿದ. ಪಕ್ಕಕ್ಕೆ ಕರೆದು ಕೇಳುವ ಸೌಜನ್ಯವೂ ಅವನಿಗಿರಲಿಲ್ಲ. ತುಂಬಿದ ಅಂಗಡಿಯಲ್ಲಿ, ಗಿರಾಕಿಗಳ ಮುಂದೆಯೇ ಬಾಯಿಗೆ ಬಂದಂತೆ ಬೈದ.

"ಏನಯ್ಯಾ, ನಂಬಿ ಕೆಲಸ ಕೊಟ್ರೆ ಕಳಪೆ ಮಾಲು ತಂದು ನನ್ನ ತಲೆಗೆ ಕಟ್ತೀಯಾ? ಹೊಟ್ಟೆಗೆ ಅನ್ನ ತಿಂತೀಯೋ ಇನ್ನೇನು ತಿಂತೀಯೋ? ಕಳ್ಳ!"

"ಮಾಲು ಕಳಪೆ ಅಲ್ಲ ಸಾವ್ಕಾರ್ರೇ. ತಪ್ಪು ಎಲ್ಲಿದೆ ಅಂತ ಹುಡುಕ್ತೀನಿ, ಸ್ವಲ್ಪ ದಿನ ಕೊಡಿ," ಎಂದು ಅವನು ಹೇಳಿದ. ಅವನ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಏನು ಮಾಡೀತು? ಇಪ್ಪತ್ತೆರಡು ವರ್ಷ ಆ ಪೇಟೆಯಲ್ಲಿ ಅವನು ಕೆಲಸ ಮಾಡಿದ್ದ. ಒಬ್ಬರಿಂದಲೂ ಒಂದು ಮಾತು ಕೇಳಿರಲಿಲ್ಲ. ಆ ಒಂದು ಬೈಗುಳ ಅವನಿಗಿಂತ ಮೊದಲೇ ಬೀದಿಯ ತುದಿ ತಲುಪಿತ್ತು. ಮಾರನೆಯ ದಿನ ಪಾತ್ರೆ ಅಂಗಡಿಯವನು, ನಮ್ಮ ಕೆಲಸ ಸದ್ಯಕ್ಕೆ ಬೇಡ ಎಂದ. ಔಷಧಿ ಅಂಗಡಿಯವನು ಅಷ್ಟನ್ನೂ ಹೇಳದೆ ಬೇರೆಯವರನ್ನು ಕರೆಸಿಕೊಂಡ. ಕದಿಯದೆಯೇ ಕಳ್ಳನೆನಿಸಿಕೊಂಡು ಅವನು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಿದ. ತಪ್ಪು ಎಲ್ಲಿದೆ ಎಂದು ತೋರಿಸದಿದ್ದರೆ ಆ ಪೇಟೆಯಲ್ಲಿ ಅವನಿಗೆ ಇನ್ನು ಅನ್ನವಿರಲಿಲ್ಲ.

ಮೀಟರ್ ಹಿಡಿದು ನೋಡಿದ. ಕರೆಂಟು ಏರಿರಲಿಲ್ಲ, ಇಳಿದಿರಲಿಲ್ಲ. ತಂತಿಗಳನ್ನು ಮತ್ತೆ ಎಳೆದು ನೋಡಿದ. ಎಲ್ಲವೂ ಬಿಗಿಯಾಗಿದ್ದವು. ಕೆಟ್ಟ ದೀಪಗಳನ್ನು ತೆಗೆದು ಬೇರೆ ಕಂಪನಿಯವನ್ನು ಹಾಕಿದ. ಅವೂ ಹೋದವು. ವ್ಯಾಪಾರಿ ದಿನಕ್ಕೊಂದು ಚುಚ್ಚುಮಾತು ಆಡುತ್ತಲೇ ಇದ್ದ. ಅವನು ಕೇಳಿಸಿಕೊಳ್ಳುತ್ತಲೇ ಕೆಲಸ ಮಾಡಿದ.

ಒಂದು ದಿನ ಅವನು ಕೈ ಕಟ್ಟಿ ನಿಂತು ಬರಿದೇ ತಲೆಯೆತ್ತಿ ನೋಡಿದ. ಬಾಗಿಲ ಕಡೆಯ ದೀಪಗಳಲ್ಲಿ ಒಂದೂ ಹೋಗಿರಲಿಲ್ಲ. ಹೋದವೆಲ್ಲ ಹಿಂದಿನ ಭಾಗದವು. ಬಾಗಿಲ ಬಳಿ ಚೆನ್ನಾಗಿ ಉರಿಯುತ್ತಿದ್ದ ಒಂದು ದೀಪವನ್ನು ಬಿಚ್ಚಿ ಹಿಂದೆ ಹಾಕಿದ. ವ್ಯಾಪಾರಿ ಕಳಪೆ ಎಂದು ಬೈದ ಮಾಲಿನಲ್ಲೇ ಒಂದು ಹೊಸ ದೀಪ ತೆಗೆದು ಬಾಗಿಲ ಬಳಿ ಹಾಕಿದ. ಹನ್ನೆರಡು ದಿನಕ್ಕೆ ಹಿಂದಿನದು ಸತ್ತುಹೋಯಿತು. ಬೈಸಿಕೊಂಡದ್ದು ಬಾಗಿಲಲ್ಲಿ ಮಿಣುಕದೆ ಉರಿಯುತ್ತಿತ್ತು. ತಪ್ಪು ದೀಪದಲ್ಲಿಲ್ಲ, ದೀಪ ಇರುವ ಜಾಗದಲ್ಲಿದೆ ಎಂದು ಅವನಿಗೆ ಗೊತ್ತಾಯಿತು. ಕೆಳಗೆ ನೋಡುವುದೆಲ್ಲ ನೋಡಿ ಮುಗಿದಿತ್ತು. ಇನ್ನು ನೋಡಬೇಕಾದದ್ದು ಮೇಲೆ, ದೀಪದ ಬೆನ್ನನ್ನು.

ಅಟ್ಟದ ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದಕೈ ಕೇಳಿದ. ವ್ಯಾಪಾರಿ ಕೊಡಲಿಲ್ಲ. ಎರಡು ದಿನ ಬಿಟ್ಟು ಕೇಳಿದ. ಕೊಡಲಿಲ್ಲ. ಮೂರನೆಯ ಸಲ ಕೇಳಿದಾಗ ವ್ಯಾಪಾರಿ ಸಿಡಿದುಬಿದ್ದ.

"ಮೇಲೆ ನಮ್ಮ ಗಾದಿಗಳಿದಾವೆ ಕಣಯ್ಯ! ಮೂರು ತಲೆಮಾರು ಲಕ್ಷ್ಮಿ ಕೂತ ಗಾದಿ. ಕಂಡಕಂಡೋರು ಕಾಲಿಡೋ ಜಾಗ ಅಲ್ಲ ಅದು."

ಗಾದಿ ಎಂದರೆ ಜವಳಿ ವ್ಯಾಪಾರಿ ಕೂರುವ ಹತ್ತಿಯ ಹಾಸಿಗೆ. ಪ್ರತಿ ದೀಪಾವಳಿಗೆ ಅದಕ್ಕೆ ಪೂಜೆ. ಹಳೆಯದಾದರೆ ಅದನ್ನು ಎಸೆಯುವಂತಿಲ್ಲ, ಮಾರುವಂತಿಲ್ಲ, ಅದರ ಮೇಲೆ ಯಾರೂ ಮಲಗುವಂತಿಲ್ಲ. ವೈರಿಂಗ್ ಕೆಲಸ ಮುಗಿದ ಮೇಲೆ ವ್ಯಾಪಾರಿ ಹಳೆಯ ಅಂಗಡಿಯಿಂದ ಅಜ್ಜ, ಅಪ್ಪ, ತಾನು ಕೂತಿದ್ದ ಒಂಬತ್ತು ಗಾದಿಗಳನ್ನು ತರಿಸಿ ಅಟ್ಟಕ್ಕೇರಿಸಿದ್ದ. ಒಂದರ ಮೇಲೊಂದು ಪೇರಿಸಿದರೆ ಲಕ್ಷ್ಮಿಗೆ ಅಪಚಾರವಾದೀತೆಂದು ಹಿಂದಿನ ಭಾಗದ ಉದ್ದಕ್ಕೂ ಬಿಡಿಬಿಡಿಯಾಗಿ ಹಾಸಿಸಿದ್ದ. ಕೈ ಮುಗಿದು ಬೀಗ ಹಾಕಿದ್ದ.

ವೈರಿಂಗ್ ಕೆಲಸದವನು ಒಂದು ಕ್ಷಣ ಕಣ್ಣು ಮುಚ್ಚಿದ. ದೀಪ ಬೆಳಕನ್ನು ಮುಂದೆ ಚೆಲ್ಲುತ್ತದೆ, ಬಿಸಿಯನ್ನು ಬೆನ್ನಿನಿಂದ ಬಿಡುತ್ತದೆ. ಆ ಬೆನ್ನಿನ ಮೇಲೆ ಎರಡು ಗೇಣು ಹತ್ತಿ ಬಿದ್ದಿದ್ದರೆ ಬಿಸಿ ಎಲ್ಲಿಗೆ ಹೋದೀತು? ಅವನು ಬಾಗಿಲು ಮುರಿಯಲಿಲ್ಲ. ಏಣಿ ತಂದು ಅಟ್ಟಕ್ಕೆ ಆನಿಸಿದ. ಇಷ್ಟು ದಿನ ತಗ್ಗಿಸಿದ್ದ ದನಿಯನ್ನು ಅಂದು ಎತ್ತಿದ.

"ನಾನು ಹತ್ತೋದು ಬೇಡ ಸಾವ್ಕಾರ್ರೇ, ನೀವೇ ಹತ್ತಿ. ಗಾದಿ ಕೆಳಗೆ ಕೈ ಹಾಕಿ ನೋಡಿ. ಹತ್ತೋದಿಲ್ಲ ಅಂದ್ರೆ, ಬೈದಿರಲ್ಲ, ಅದೇ ಜಾಗದಲ್ಲಿ ನಿಂತು ಇವನು ಕಳ್ಳ ಅಲ್ಲ ಅಂತ ಹೇಳಿ."

ಗಿರಾಕಿಗಳು ಸೀರೆ ಬಿಟ್ಟು ವ್ಯಾಪಾರಿಯ ಮುಖ ನೋಡಿದರು. ಆ ಮಾತನ್ನು ಹೇಳುವುದಕ್ಕಿಂತ ಏಣಿ ಹತ್ತುವುದೇ ಅವನಿಗೆ ಸುಲಭವಾಗಿ ಕಂಡಿತು. ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಏದುಸಿರು ಬಿಡುತ್ತ ಹತ್ತಿದ. ಬೀಗ ತೆಗೆದ. ಮೊದಲ ಗಾದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಅದರ ಕೆಳಗೆ ಕೈ ತೂರಿಸಿದ. ಅಯ್ಯೋ ಎಂದು ಕೈ ಎಳೆದುಕೊಂಡ.

ಗಾದಿಯನ್ನು ಮಗುಚಿ ನೋಡಿದ. ದೀಪ ಇದ್ದಲ್ಲೆಲ್ಲ ಬಟ್ಟೆ ಕಂದಿ ಪುಡಿಯಾಗುತ್ತಿತ್ತು. ಒಳಗಿನ ಹತ್ತಿ ಕರಕಲಾಗಿತ್ತು. ಇನ್ನು ಕೆಲವು ದಿನ ಹೀಗೇ ಬಿಟ್ಟಿದ್ದರೆ ಗಾದಿಗಳೂ, ಕೆಳಗಿನ ರೇಷ್ಮೆಯೂ, ಅದರ ನಡುವೆ ಕೂತಿದ್ದ ಹೆಂಗಸರೂ ಉಳಿಯುತ್ತಿರಲಿಲ್ಲ. ಅಂಗಡಿಗೆ ಬೆಂಕಿ ಬೀಳದಂತೆ ಇಷ್ಟು ದಿನ ತಡೆದದ್ದು, ಕಳಪೆ ಎಂದು ಬೈಸಿಕೊಂಡ ಆ ದೀಪಗಳು ತಾವೇ ಆರಿಹೋದದ್ದು.

ವ್ಯಾಪಾರಿ ಬಹಳ ಹೊತ್ತು ಕೆಳಗಿಳಿಯಲಿಲ್ಲ. ವೈರಿಂಗ್ ಕೆಲಸದವನು ಏಣಿ ಹಿಡಿದು ಕಾದ. ತಪ್ಪಾಯಿತು ಎಂಬ ಒಂದು ಮಾತು ಸಾಕಿತ್ತು ಅವನಿಗೆ. ಬೈದಷ್ಟು ಜೋರಾಗಿ ಬೇಡ, ನಾಲ್ಕು ಜನಕ್ಕೆ ಕೇಳುವಷ್ಟಾದರೆ ಸಾಕಿತ್ತು. ವ್ಯಾಪಾರಿ ಇಳಿದು ಬಂದ. ಪಂಚೆ ಕೊಡವಿಕೊಂಡ. ಸುಟ್ಟ ಬೆರಳನ್ನು ಊದಿಕೊಳ್ಳುತ್ತ, ಇಷ್ಟು ದಿನ ಇದನ್ನು ನನಗೆ ಹೇಳದೆ ಏನು ಮಾಡುತ್ತಿದ್ದೆ ಎಂದು ಅವನನ್ನೇ ಗದರಿದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ರೇವಣಯ್ಯ ಕೂತಲ್ಲಿಂದ ಎದ್ದುಬಿಟ್ಟ. "ಎಂಥ ನಾಚಿಕೆಗೆಟ್ಟವನು ಬುದ್ಧೀ ಅವನು! ಹೇರಿದವನು ತಾನು, ಕಳಪೆ ಅನ್ನಿಸಿಕೊಂಡದ್ದು ದೀಪ, ಕಳ್ಳ ಅನ್ನಿಸಿಕೊಂಡವನು ಆ ಬಡಪಾಯಿ! ದೇವರ ಹೆಸರು ಹೇಳಿದ ಮಾತ್ರಕ್ಕೆ ಅವನನ್ನು ಕೇಳುವವರೇ ಇಲ್ಲವೇ?"

ಅವನು ಹೇಳಿ ಮುಗಿಸುವವರೆಗೆ ಗುರುಗಳು ಕಾದರು. ಆಮೇಲೆ ಹೇಳಿದರು:

"ಕೇಳುತ್ತಿದ್ದೇನೆ, ರೇವಣಯ್ಯ: ಪಾಠ ಹೇಳಲು ಬಂದ ಆ ಹೆಣ್ಣುಮಗಳ ಮೇಲೆ ಬೆಳಗಿನ ಹೂವು, ಮಧ್ಯಾಹ್ನದ ದಾಸೋಹ, ಸಂಜೆಯ ಭಜನೆ ಎಲ್ಲವನ್ನೂ ದೇವರ ಸೇವೆಯೆಂದು ಹೇರಿದವನು ಯಾರು?"