ಎಡಗೈ ಬಾವಿ

ಗುಂಡಳಗೇರಿಯ ಗುಡ್ಡದ ಬುಡದಲ್ಲಿ ಎಂದೂ ಬತ್ತದ ಬಾವಿಯೊಂದಿದೆ. ಬಗ್ಗಿ ನೋಡುವಂಥ ಬಾವಿಯಲ್ಲ. ಗುಡ್ಡದ ಪಕ್ಕೆಯೊಳಗೆ ಗವಿಯಂತೆ ಓರೆಯಾಗಿ ಇಳಿಯುತ್ತದೆ. ಮಟಮಟ ಮಧ್ಯಾಹ್ನದಲ್ಲೂ ಒಳಗಿನಿಂದ ತಣ್ಣನೆ ಗಾಳಿ ಬರುತ್ತದೆ. ನೀರಿಗೆ ಬಂದ ಹೆಂಗಸರು ಅಲ್ಲಿ ಹರಟೆಗೆ ಕೂರುವುದಿಲ್ಲ. ಎಡಗೈ ಬಾವಿ ಎಂಬ ಹೆಸರು ಕೇಳಿ ನಗುವವರುಂಟು. ನಗಲಿ, ಕಥೆ ತಿಳಿಯುವ ತನಕ.

ಹಿಂದೆ ಒಮ್ಮೆ ಊರಿನ ಒರತೆ ಸತ್ತುಹೋಯಿತು. ಯುಗಾದಿಯೊಳಗೆ ನೀರು ಸಿಗದಿದ್ದರೆ ಊರನ್ನೇ ಬಿಡುವುದೆಂದು ಹಿರಿಯರು ತೀರ್ಮಾನಿಸಿದರು. ಕಲ್ಲುಕುಟಿಗ ಮುದುಕಪ್ಪ ಬಾವಿ ತೋಡಿಕೊಡುವೆನೆಂದು ಮಾತು ಕೊಟ್ಟು ವೀಳ್ಯ ಹಿಡಿದ. ವೀಳ್ಯದ ಅಡಿಕೆಯನ್ನು ನೀರು ಬೀಳುವ ತನಕ ಚಂಚಿಯಲ್ಲೇ ಇಟ್ಟುಕೊಳ್ಳುವುದು ಕಲ್ಲುಕುಟಿಗರ ಪದ್ಧತಿ. ಹಿಡಿದವನು ನಡುವೆ ಸತ್ತರೆ ಅಡಿಕೆ ಅವನೊಡನೆ ಮಣ್ಣಾಗಬೇಕು, ಗುಂಡಿ ಮುಚ್ಚಬೇಕು. ನೆಟ್ಟಗೆ ತೋಡುತ್ತ ಹೋದ ಮುದುಕಪ್ಪನ ಮೇಲೆ ಬಂಡೆ ಜಾರಿತು. ಮಣ್ಣು ಮಾಡುವ ಹೊತ್ತಿಗೆ ಅವನ ಹೆಂಡತಿ ಸಣ್ಣದುರುಗವ್ವ ಚಂಚಿಗೆ ಕೈಹಾಕಿ ಅಡಿಕೆ ತೆಗೆದು ಸೆರಗಿಗೆ ಕಟ್ಟಿಕೊಂಡಳು.

"ಸತ್ತವನ ವೀಳ್ಯ ಹಿಡಿದವರು ಉಳಿಯೂದಿಲ್ಲವ್ವ," ಎಂದ ಅವಳ ಮುದಿಮಾವ ಹನುಮಪ್ಪ.

"ಗುಂಡಿ ಮುಚ್ಚಸ್ರಿ, ಮಾವ. ನೀರಿನ ಆಸೆ ಮುಚ್ಚಬ್ಯಾಡ್ರಿ," ಎಂದಳಂತೆ.

ನೆಟ್ಟಗೆ ಇಳಿಯುವುದು ಆಗದೆಂದು ತಿಳಿದು ಅವಳು ಗುಡ್ಡದ ಪಕ್ಕೆಯಿಂದ ಓರೆಯಾಗಿ ಕೊರೆಯತೊಡಗಿದಳು. ಇಪ್ಪತ್ತು ಮೊಳ ಹೋಗುವಷ್ಟರಲ್ಲಿ ಚಾವಣಿಯ ಕಲ್ಲು ಕಳಚಿ ಬಲಗೈ ಜಜ್ಜಿಹೋಯಿತು. ಮೂರನೆಯ ದಿನ ಉಳಿಯನ್ನು ಆ ಕೈಗೆ ಬಟ್ಟೆಯಿಂದ ಬಿಗಿದು, ಎಡಗೈಯಲ್ಲಿ ಸುತ್ತಿಗೆ ಹಿಡಿದು ಮತ್ತೆ ಒಳಹೊಕ್ಕಳು. ಹೆಂಗಸಿನ ಹಟ ಎಂದು ಆಡಿಕೊಂಡವರೇ ಆಮೇಲೆ ಕಲ್ಲುಪುಡಿ ಹೊತ್ತರು. ಯುಗಾದಿಯ ಹಿಂದಿನ ದಿನ ಎದುರಿನ ಬಂಡೆ ಬೆವರತೊಡಗಿತು. ಪೆಟ್ಟು ಬಿದ್ದರೆ ಠಣ್ಣೆನ್ನದೆ ಹೊಟ್ಟೆ ಉಬ್ಬಿದ ದನದಂತೆ ಧಪ್ಪೆಂದಿತು. ಹಿಂದೆ ನೀರು ಒತ್ತಿ ನಿಂತಿದೆ, ಒಡೆದವರು ಹೊರಬರಲಾರರು ಎಂದು ಎಲ್ಲರಿಗೂ ತಿಳಿಯಿತು. ಹನುಮಪ್ಪ ಹಾರೆಯನ್ನು ಉದ್ದನೆಯ ಬಿದಿರಿಗೆ ಕಟ್ಟಿಸಿ ದೂರದಿಂದ ತಿವಿಸಿದ. ಬಿದಿರು ಮುರಿಯಿತು. ಇನ್ನೊಂದು ತಂದರು, ಅದೂ ಮುರಿಯಿತು. ಸಣ್ಣದುರುಗವ್ವ ಮಾವನ ಕಾಲು ಮುಟ್ಟಿ ಒಬ್ಬಳೇ ಒಳಗೆ ಹೋದಳು. ಅವನು ತಡೆಯಲಿಲ್ಲ, ತಡೆಯದ ಸಂಕಟ ಸಾಯುವ ತನಕ ಅವನನ್ನು ಬಿಡಲಿಲ್ಲವಂತೆ.

ಹೊರಗಿದ್ದವರಿಗೆ ಪೆಟ್ಟು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಕೆಂಪು ನೀರು ಏರುತ್ತ ಬಾವಿಯ ಬಾಯಿಯ ತನಕ ಬಂತು. ಬಾಯಾರಿದ ಊರು ಕೊಡ ಹಿಡಿದು ನಿಂತಿತು, ಯಾರೂ ಮುಟ್ಟಲಿಲ್ಲ. ಹನುಮಪ್ಪನೇ ಮೊದಲ ಬೊಗಸೆ ಎತ್ತಿ, "ಕುಡೀರಿ. ಚೆಲ್ಲಬ್ಯಾಡ್ರಿ," ಎಂದ ಎನ್ನುತ್ತಾರೆ.

ಬೇಸಿಗೆಯಲ್ಲಿ ನೀರು ತಗ್ಗಿದಾಗ ಹೋದವರಿಗೆ ಗೋಡೆಯ ಉಳಿಗೆರೆಗಳು ಕಾಣುತ್ತವೆ. ಇಪ್ಪತ್ತು ಮೊಳದ ತನಕ ಒಂದು ಕಡೆಗೆ ಓರೆ. ಅಲ್ಲಿಂದಾಚೆ ಇನ್ನೊಂದು ಕಡೆಗೆ, ಗಿಡ್ಡ, ಒತ್ತೊತ್ತಾಗಿ. ಅವು ನೀರಿನೊಳಗೆ ಇಳಿದು ಹೋಗುತ್ತವೆ. ಎಂಥ ಬರದಲ್ಲೂ ಆ ಗೆರೆಗಳ ಕೊನೆಯನ್ನು ಯಾರೂ ಕಂಡಿಲ್ಲ.