ಸಿದ್ದವ್ವನ ಸೆಷನ್

ಹೊಳೆದಂಡೆಯ ಆ ಮಠಕ್ಕೆ ಉಣ್ಣಲು ಬರುವವರು ಬಾಗಿಲ ಬಳಿಯ ಕಂಪ್ಯೂಟರಿನಲ್ಲಿ ಹೆಸರು ಬರೆಯಬೇಕಿತ್ತು. ಅದರ ಪುಟದ ಪ್ರೋಗ್ರಾಂ ಬರೆದವನು ಶಿಷ್ಯ ಇಂದುಧರ. ಜಾಣ, ಮತ್ತು ತಾನು ಜಾಣನೆಂಬುದು ಅವನಿಗೆ ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಬರೆದ ಹೆಸರನ್ನು ಸರ್ವರ್ ತನ್ನ ಸೆಷನ್‌ನಲ್ಲಿ, ಅಂದರೆ ಬಂದವರ ನೆನಪಿಡುವ ಜಾಗದಲ್ಲಿ, ಇಟ್ಟುಕೊಳ್ಳುತ್ತಿತ್ತು. ಅವರು 'ಹೊರಟೆ' ಎಂದು ಒತ್ತುವ ತನಕ ಅಳಿಸುತ್ತಿರಲಿಲ್ಲ. ನಮ್ಮ ಮಠ ಯಾರನ್ನೂ ಮರೆಯುವುದಿಲ್ಲ ಎಂದು ಇಂದುಧರ ಬೀಗುತ್ತಿದ್ದ.

ಒಂದು ದಿನ ಸಿದ್ದವ್ವ ಎಂಬ ಹೆಂಗಸು ಎಲ್ಲರಿಗಿಂತ ಕೊನೆಗೆ ಹೆಸರು ಬರೆದು ಹೊಳೆಗೆ ಮೀಯಲು ಹೋದಳು. ಸಂಜೆಗೆ ಅವಳ ಹೆಣ ಸಿಕ್ಕಿತು. 'ಹೊರಟೆ' ಎಂದು ಅವಳು ಒತ್ತಿರಲಿಲ್ಲ.

ಮರುದಿನ ಅವ್ವನನ್ನು ಮಣ್ಣು ಮಾಡಿ ಮಗಳು ಕಾಶವ್ವ ಮಠಕ್ಕೆ ಬಂದಳು. ಕಂಪ್ಯೂಟರಿನ ಮುಂದೆ ಕೂತಳು. ಕೊನೆಗೆ ಬರೆದ ಹೆಸರೇ ಉಳಿದಿದ್ದ ಪರದೆ ಹೇಳಿತು: 'ಸಿದ್ದವ್ವನವರೇ, ಸ್ನಾನ ಆಯಿತೆ? ಊಟಕ್ಕೆ ಬನ್ನಿ.'

ಅಲ್ಲಿಂದ ಅವಳು ಕದಲಲಿಲ್ಲ. ಅವ್ವ ಇಲ್ಲೇ ಇದ್ದಾಳೆ, ಬಂದ ಮೇಲೆ ಇಬ್ಬರೂ ಕೂಡಿ ಉಣ್ಣುತ್ತೇವೆ ಎಂದಳು. ಎರಡು ದಿನ ತುತ್ತು ಮುಟ್ಟಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಅವ್ವನ ಸ್ನಾನ ಯಾಕೋ ಮುಗಿಯಲಿಲ್ಲ, ನೀರಿಗಿಳಿದು ನೋಡಿ ಬರುತ್ತೇನೆ ಎಂದು ಎದ್ದು ನಿಂತಳು.

ಇಂದುಧರ ಹೆದರಿ, ಎಲ್ಲರೂ ಅಜ್ಜಾರು ಎಂದು ಕರೆಯುವ ಗುರು ನಿರ್ವಾಣಯ್ಯನವರ ಬಳಿಗೆ ಓಡಿದ. ಯಾರಿಗೂ ಗೊತ್ತಾಗದಂತೆ ಹೆಸರು ಅಳಿಸಿಬಿಡುತ್ತೇನೆ ಎಂದ.

"ಹೆಸರು ತೋರಿಸೂದಕ್ಕಿಂತ ಮೊದಲ, ಮುಂದ ಕುಂತಾವ್ರು ಯಾರಂತ ಕೇಳಿದ್ದೇನು?"

"ಇಲ್ಲರಿ ಅಜ್ಜಾರ. ಇದ್ದ ಹೆಸರು ತೋರಿಸಿದೆ."

"ಕೇಳು. ಅಕೀ ಎದುರಿಗೇ ಕೇಳು."

ಅಜ್ಜಾರು ಕಾಶವ್ವನನ್ನು ಮಾತಾಡಿಸಿ ಮತ್ತೆ ಕೂರಿಸಿದರು. ಮೊದಲು ಹೆಸರಿದೆಯೇ ನೋಡು, ಇಲ್ಲದಿದ್ದರೆ ಕೇಳು ಎಂದು ಇಂದುಧರ ಪುಟಕ್ಕೆ ಎರಡು ಸಾಲು ಸೇರಿಸಿದ. ಸೆಷನ್ ಖಾಲಿ ಮಾಡಲು ಹೊರಟಾಗ, ನಮ್ಮವ್ವನನ್ನು ಕಳಿಸಬೇಡಿ ಎಂದು ಕಾಶವ್ವ ಅವನ ತೋಳು ಹಿಡಿದಳು. ಅವನಿಗೂ ಅಳು ಬಂತು. ಆದರೂ ಒತ್ತಿದ.

ಪರದೆ ಕೇಳಿತು: 'ನೀವು ಯಾರು?'

ಕಾಶವ್ವ ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರು ಬರೆದಳು.

'ಕಾಶವ್ವನವರೇ, ಸ್ನಾನ ಆಯಿತೆ? ಊಟಕ್ಕೆ ಬನ್ನಿ.'

ಅವಳು ಗೊಳೋ ಎಂದು ಅತ್ತಳು. ಸಮಾಧಾನವಾದ ಮೇಲೆ, ಹೊಳೆಯ ಕಡೆ ತಿರುಗದೆ, ಪಂಕ್ತಿಯಲ್ಲಿ ಹೋಗಿ ಕೂತಳು.

ಕೆಲಸ ಸರಿಯಾಯಿತೇ ಎಂದು ತಿಳಿಯಲು ಇಂದುಧರ ಸೆಷನ್‌ನಲ್ಲಿದ್ದುದನ್ನೆಲ್ಲ ತೆರೆದು ನೋಡಿದ. ಒಂದೇ ಹೆಸರಿರಬೇಕಿತ್ತು. ಎರಡಿದ್ದವು.

ಕಾಶವ್ವನ ಕೆಳಗೆ ಸಿದ್ದವ್ವ. ಬಂದ ಸಮಯ: ಇವತ್ತು, ಈಗ. ಸ್ನಾನ: ಆಯಿತು.

ಅಜ್ಜಾರನ್ನು ಕರೆದು ತೋರಿಸಿದ.

"ನನ್ನ ಕೈಯಾರೆ ಅಳಿಸೀನ್ರಿ. ಈಗ ಅಕೀಗೆ ಹೇಳ್ಲೋ, ಬ್ಯಾಡೋ?"

ಅಜ್ಜಾರು ಪರದೆ ನೋಡಿದರು. ತಲೆ ತಗ್ಗಿಸಿ ಉಣ್ಣುತ್ತಿದ್ದ ಕಾಶವ್ವನನ್ನು ನೋಡಿದರು. ಅವಳ ಪಕ್ಕದಲ್ಲಿ ಖಾಲಿ ಬಿಟ್ಟಿದ್ದ ಜಾಗವನ್ನೂ ನೋಡಿದರು.

"ಇದ್ದದ್ದನ್ನೆಲ್ಲಾ ತೋರಿಸಬ್ಯಾಡ," ಎಂದರು. "ಅಲ್ಲಿ ಇನ್ನೊಂದು ಎಲಿ ಹಾಕು."